ಪೈಪು ಬಡಿದರೆ ಬಿಸಿನೀರು

ಬಾಯಿ ಬಿಟ್ಟರೆ ಬಣ್ಣಗೇಡು ಎಂದು ತಿಳಿದವರು ಹೇಳಿದ್ದಾರೆ. ಆದರೆ ಆ ತಿಳಿದವರಲ್ಲಿ ಒಬ್ಬರೂ ಆ ಶನಿವಾರದ ಔತಣದಲ್ಲಿ ಪನಾಯಿತ್ ಗ್ರೋಸುವಿನ ಪಕ್ಕ ಕೂತಿರಲಿಲ್ಲ. ಕೂತಿದ್ದವರೆಲ್ಲ ಅವನ ಲೋಟಕ್ಕೆ ಪ್ಲಮ್ ಸಾರಾಯಿ ಸುರಿಯುವವರೇ.

ಔತಣ ಮೊಮ್ಮಗನ ದೀಕ್ಷಾಸ್ನಾನದ್ದು. ಬರ್ಲಾದ್ ಊರಿನ ಚರ್ಚಿನಲ್ಲಿ ಎಲ್ಲವೂ ಸಾಂಗವಾಗಿ ನಡೆದಿತ್ತು. ಪಾದ್ರಿಗಳು ಮಗು ತೋಮಾನನ್ನು ನೀರಿನಲ್ಲಿ ಮುಳುಗಿಸಿ ಎತ್ತಿ, ಹಣೆಗೆ ಎದೆಗೆ ಪವಿತ್ರ ತೈಲ ಹಚ್ಚಿ, ದೀಕ್ಷೆಗೆ ಸಾಕ್ಷಿ ನಿಂತು ಮಗುವಿನ ಹೊಣೆ ಹೊತ್ತ ಜ್ಞಾನತಾಯಿಯ ಕೈಗೆ ಕೊಟ್ಟಿದ್ದರು. ಇನ್ನು ಉಳಿದದ್ದು ಮಾರನೆಯ ದಿನದ ಮೀಯಿಸುವ ಶಾಸ್ತ್ರ. ತೈಲ ಹಚ್ಚಿದ ಮಗುವಿಗೆ ಅಲ್ಲಿಯವರೆಗೆ ಯಾರೂ ನೀರು ಸೋಕಿಸುವಂತಿಲ್ಲ. ಜ್ಞಾನತಾಯಿಯೇ ಮನೆಗೆ ಬಂದು, ಬಿಸಿನೀರಿಗೆ ಕಾಮಕಸ್ತೂರಿ ಹಾಕಿ, ತನ್ನ ಕೈಯಾರೆ ಮೀಯಿಸಬೇಕು. ಆ ನೀರು ಹೇಗಿರುತ್ತದೋ ಮಗುವಿನ ಬಾಳೂ ಹಾಗೇ ಎಂದು ಬರ್ಲಾದ್‌ನ ಮುದುಕಿಯರು ಹೇಳುತ್ತಾರೆ. ಅವರ ಮಾತು ಮೀರುವ ಧೈರ್ಯ ಪಾದ್ರಿಗಳಿಗೂ ಇಲ್ಲ.

ಜ್ಞಾನತಾಯಿ ಎಂದರೆ ಸಾಮಾನ್ಯದವರಲ್ಲ. ನೋಟರಿಯ ಹೆಂಡತಿ ಕ್ಲೆಮಾನ್ಸಾ ಮೇಡಂ. ಚರ್ಚಿನ ಮಹಿಳಾ ಮಂಡಳಿಯ ಅಧ್ಯಕ್ಷೆ. ಪೇಟೆಯ ನಡುವೆ ಮನೆ. ಅವರು ಚಮಚ ಕೆಳಗಿಟ್ಟರೆ ಇಡೀ ಮೇಜು ಮಾತು ನಿಲ್ಲಿಸುತ್ತಿತ್ತು. ಹಾಗೆ ಕೆಳಗಿಟ್ಟು ಅವರು ಹೇಳಿದರು:

"ಹೋದ ವರ್ಷ ಒಂದು ಮನೇಲಿ ಒಲೆ ಮೇಲೆ ಪಾತ್ರೆಯಲ್ಲಿ ಕಾಯಿಸಿದ ನೀರು ತಂದಿಟ್ರು. ಒಂದು ಕಡೆ ಕುದಿ, ಇನ್ನೊಂದು ಕಡೆ ಮಂಜು. ನಾನು ಕೈಚೀಲ ತಗೊಂಡು ಎದ್ದು ಬಂದ್ಬಿಟ್ಟೆ. ಪಾತ್ರೆ ನೀರಲ್ಲಿ ಮಗು ಮೀಯಿಸೋ ಕಾಲವೇ ಇದು?"

"ಛೆ ಛೆ!" ಎಂದು ಪನಾಯಿತ್ ಎದ್ದು ನಿಂತ. ಎದ್ದು ನಿಲ್ಲು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. "ನಮ್ಮನೇಲಿ ಅಂಥದ್ದೆಲ್ಲ ಇಲ್ಲ ಮೇಡಂ. ಬಾಯ್ಲರ್ ಇದೆ. ನಲ್ಲಿ ತಿರುಗಿಸಿದ್ರೆ ಸಾಕು, ಹದವಾದ ಬಿಸಿನೀರು. ಅದನ್ನ ನೋಡ್ಕೊಳ್ಳೋದೆಲ್ಲ ನಾನೇ. ಮೆಕ್ಯಾನಿಕ್ಕನ್ನ ಮುಟ್ಟೋಕೂ ಬಿಡೋಲ್ಲ!"

ಮೇಜಿನ ಕೆಳಗೆ ಹೆಂಡತಿ ಅಗ್ಲಾಯಾ ಅವನ ಮೊಣಕಾಲಿಗೆ ಒದ್ದಳು. ಅವನು ಅದನ್ನು ಪ್ರೋತ್ಸಾಹ ಎಂದುಕೊಂಡು, "ನಿಮ್ಮ ಕಣ್ಣೆದುರಿಗೇ ನಲ್ಲಿ ಬಿಡ್ತೀನಿ!" ಎಂದೂ ಸೇರಿಸಿದ.

ಅಗ್ಲಾಯಾ ಒದ್ದದ್ದಕ್ಕೆ ಕಾರಣವಿತ್ತು. ಒಂದು ವಾರದಿಂದ ಅವರ ಮನೆಯ ಬಿಸಿನೀರಿನ ನಲ್ಲಿಯಲ್ಲಿ ಬರುತ್ತಿದ್ದದ್ದು ತಣ್ಣೀರು.

* * *

ಭಾನುವಾರ ಬೆಳಿಗ್ಗೆ ಪನಾಯಿತ್ ಅಡುಗೆಮನೆಯ ಗೋಡೆಯ ಮೇಲಿನ ಬಾಯ್ಲರಿನ ಮುಂದೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತ. ರೈಲಿನಲ್ಲಿ ಟಿಕೆಟ್‌ಗಳಿಗೆ ತೂತು ಮಾಡಿ ಮಾಡಿ ನಿವೃತ್ತನಾದ ಮನುಷ್ಯ. ಯಂತ್ರಗಳ ಜೊತೆ ಅವನಿಗಿದ್ದ ಒಡನಾಟವೆಲ್ಲ ಆ ತೂತು ಮಾಡುವ ಇಕ್ಕಳದ್ದು.

ವಿಚಿತ್ರವೆಂದರೆ ಕೋಣೆ ಬೆಚ್ಚಗಿಡುವ ಕೆಲಸವನ್ನು ಆ ಬಾಯ್ಲರ್ ಚೆನ್ನಾಗಿಯೇ ಮಾಡುತ್ತಿತ್ತು. ನಲ್ಲಿ ಬಿಟ್ಟಾಗ ಮಾತ್ರ ಕೆಪ್ಪನ ಹಾಗೆ ಸುಮ್ಮನಿರುತ್ತಿತ್ತು. ಹೆಂಡತಿಗೆ ಕಾಣದಂತೆ ಬಚ್ಚಲಲ್ಲಿ ಕೂತು ಅವನು ಮೆಕ್ಯಾನಿಕ್‌ಗೆ ಫೋನ್ ಮಾಡಿದ್ದ.

"ಅದು ಸೆನ್ಸರ್ ಸಾರ್," ಎಂದಿದ್ದ ಮೆಕ್ಯಾನಿಕ್. "ತಣ್ಣೀರು ಒಳಗೆ ಬರೋ ಪೈಪಲ್ಲಿ ಹೆಬ್ಬೆರಳಿನಷ್ಟು ಒಂದು ಚಕ್ರ ಇರುತ್ತೆ. ನಲ್ಲಿ ಬಿಟ್ರೆ ನೀರು ಹರಿದು ಚಕ್ರ ತಿರುಗುತ್ತೆ. ತಿರುಗಿದ್ರೆ, ಯಾರಿಗೋ ಬಿಸಿನೀರು ಬೇಕು ಅಂತ ಬಾಯ್ಲರಿಗೆ ಗೊತ್ತಾಗಿ ಬೆಂಕಿ ಹೊತ್ಕೊಳ್ಳುತ್ತೆ. ನಿಮ್ಮದಕ್ಕೆ ಸುಣ್ಣ ಕಟ್ಟಿದೆ. ನೀರು ಜೋರಾಗಿ ಬಂದ್ರೆ ತಿರುಗುತ್ತೆ, ಸಣ್ಣಗೆ ಬಂದ್ರೆ ತಿರುಗೋಲ್ಲ. ಭಾನುವಾರ ನಾನು ಬರೋಲ್ಲ, ಸೋಮವಾರ ಹೊಸದು ಹಾಕ್ತೀನಿ. ನೀವು ಮಾತ್ರ ಕೈ ಹಾಕ್ಬೇಡಿ."

ಪನಾಯಿತ್ ಎಲ್ಲವನ್ನೂ ಗಮನವಿಟ್ಟು ಕೇಳಿದ, ಕೊನೆಯ ಮಾತೊಂದನ್ನು ಬಿಟ್ಟು.

ಮೊದಲು ಅವನು ಬಾಯ್ಲರನ್ನು ಆರಿಸಿ ಹಚ್ಚಿದ. ಆಮೇಲೆ ಉಷ್ಣತೆಯ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ. ಮುಚ್ಚಳ ಬಿಚ್ಚಿ, ಚಕ್ರ ಚಳಿಗೆ ಮರಗಟ್ಟಿರಬೇಕೆಂದು ಮಗಳು ಒತೀಲಿಯಾಳ ಕೂದಲು ಒಣಗಿಸುವ ಯಂತ್ರ ತಂದು ಪೈಪಿಗೆ ಬಿಸಿಗಾಳಿ ಊದಿದ. ಸುಣ್ಣಕ್ಕೆ ಹುಳಿಯೇ ಮದ್ದೆಂದು ನೆನಪಾಗಿ, ಉಪ್ಪಿನಕಾಯಿ ಭರಣಿಯಿಂದ ಸೌತೆಕಾಯಿ ಎತ್ತಿಟ್ಟು, ಆ ರಸದಲ್ಲಿ ಬಟ್ಟೆ ಅದ್ದಿ ಪೈಪಿನ ಹೊರಮೈಗೆ ತಿಕ್ಕಿದ. ಸುಣ್ಣ ಒಳಗಿತ್ತು, ಹುಳಿ ಹೊರಗಿತ್ತು, ಎರಡಕ್ಕೂ ಭೇಟಿಯಾಗಲಿಲ್ಲ.

"ರೀ, ಭಾನುವಾರ ಹತಾರ ಹಿಡೀಬಾರ್ದು, ಪಾಪ ಬರುತ್ತೆ," ಎಂದಳು ಅಗ್ಲಾಯಾ. ಅವಳು ಆಗಲೇ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರಿಟ್ಟಿದ್ದಳು.

"ಆ ಪಾತ್ರೆ ಇಳಿಸು! ಅವರು ನೋಡಿದ್ರೆ ಕೈಚೀಲ ತಗೊಂಡು ಹೊರಟೇ ಹೋಗ್ತಾರೆ. ಆಮೇಲೆ ಮಗೂನ ಮೀಯಿಸೋರು ಯಾರು? ನೀನಾ?"

"ಮೇಜಿನ ಹತ್ರ ಎದ್ದು ನಿಂತು ಬಡಾಯಿ ಕೊಚ್ಚೋಕೆ ಮುಂಚೆ ಕೇಳ್ಬೇಕಿತ್ತು ಈ ಪ್ರಶ್ನೆ."

ಪನಾಯಿತ್ ಮೊಣಕೈ ಬೀಸಿ ತಿರುಗಿದ. ಮುಚ್ಚಳ ಬಿಚ್ಚಲು ತಂದಿದ್ದ ಸ್ಪ್ಯಾನರಿಗೆ ಮೊಣಕೈ ತಗುಲಿತು. ಸ್ಪ್ಯಾನರ್ ಬಾಯ್ಲರಿನ ಮೇಲಿನಿಂದ ಜಾರಿ ನೀರಿನ ಪೈಪಿನ ಮೇಲೆ ಟಣ್ಣೆಂದು ಬಿತ್ತು.

ನಲ್ಲಿ ತೆರೆದೇ ಇತ್ತು. ಟಣ್ ಎಂದ ಸದ್ದು ಅಡಗುವ ಮೊದಲೇ ಬಾಯ್ಲರಿನೊಳಗೆ ಭುಸ್ ಎಂದು ಬೆಂಕಿ ಹೊತ್ತಿಕೊಂಡಿತು. ನಲ್ಲಿಯಲ್ಲಿ ಹಬೆ ಎದ್ದಿತು.

"ಬಿಸಿ! ಅಗ್ಲಾಯಾ, ಬಿಸಿ!"

ಸ್ವಲ್ಪ ಹೊತ್ತಿಗೆ ನೀರು ಮತ್ತೆ ತಣ್ಣಗಾಯಿತು. ಪನಾಯಿತ್ ಸ್ಪ್ಯಾನರಿನಿಂದ ಪೈಪಿಗೆ ಒಂದು ಬಿಟ್ಟ. ಮತ್ತೆ ಭುಸ್. ಮತ್ತೆ ತಣ್ಣಗಾಯಿತು, ಮತ್ತೆ ಬಡಿದ, ಮತ್ತೆ ಬಿಸಿ. ದೊಡ್ಡ ದೊಡ್ಡ ಸಂಶೋಧನೆಗಳೆಲ್ಲ ಹೀಗೇ ಆಗಿರುವುದು. ಬಡಿದರೆ ಚಕ್ರ ಬಿಡಿಸಿಕೊಳ್ಳುತ್ತದೆ, ಬಿಟ್ಟರೆ ಕಚ್ಚಿಕೊಳ್ಳುತ್ತದೆ ಎಂದು ಅವನು ತೀರ್ಮಾನಿಸಿ, ತಾಳಕ್ಕೆ ಸರಿಯಾಗಿ ಬಡಿಯತೊಡಗಿದ.

ಅವನು ಮರೆತದ್ದು ಒಂದೇ. ನಮ್ಮ ಕಡೆಯ ವಸತಿ ಕಟ್ಟಡಗಳಲ್ಲಿ ನೀರಿನ ಪೈಪು ತಳದಿಂದ ತುದಿಯವರೆಗೆ ಒಂದೇ. ಒಂದು ಮನೆಯಲ್ಲಿ ಬಡಿದರೆ ಎಲ್ಲ ಮನೆಗೂ ಕೇಳಿಸುತ್ತದೆ. ಮತ್ತು ಪೈಪು ಬಡಿಯುವುದಕ್ಕೆ ಅಲ್ಲಿ ಹಿಂದಿನಿಂದಲೂ ಒಂದೇ ಅರ್ಥ: 'ನೀನು ಮಾಡ್ತಿರೋದು ನನಗೆ ಗೊತ್ತು, ನಿಲ್ಲಿಸು.'

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳದವರು ಯಾವ ಕಟ್ಟಡದಲ್ಲಿದ್ದಾರೆ?

* * *

ಮೊದಲು ಬಂದವಳು ಕೆಳಗಿನ ಮನೆಯ ಮರ್ಗ್ಯೋಲಾ. ಭಾನುವಾರ ಸೂಜಿಗೆ ದಾರ ಪೋಣಿಸಿದವರನ್ನೂ ನರಕಕ್ಕೆ ಕಳಿಸುವಷ್ಟು ದೈವಭಕ್ತೆ. ಕೈಯಲ್ಲಿ ಒಂದು ತಟ್ಟೆ ಎಲೆಕೋಸಿನ ಸುರುಳಿ, ಇನ್ನೂ ಬಿಸಿ.

"ಪನಾಯಿತಣ್ಣ, ಕೇಳಿಸ್ತು," ಎಂದಳು ಸಣ್ಣ ದನಿಯಲ್ಲಿ.

"ಕೇಳಿಸ್ಲಿ ಬಿಡಿ ಮರ್ಗ್ಯೋಲಕ್ಕ. ನಂಗೂ ಬೇರೆ ದಾರಿ ಇರ್ಲಿಲ್ಲ."

"ಒಂದೇ ಸಲ ಅಣ್ಣ, ದೇವರಾಣೆ. ನೀವು ಬಡಿದ ತಕ್ಷಣ ನಿಲ್ಲಿಸಿಬಿಟ್ಟೆ."

"ನೀವು ನಿಲ್ಸಿದ್ರೇನು ಬಿಟ್ರೇನು? ಕೆಲಸ ಆಗೋವರ್ಗೂ ನಾನು ಬಡೀತಾನೇ ಇರ್ತೀನಿ. ಮಧ್ಯಾಹ್ನ ಕ್ಲೆಮಾನ್ಸಾ ಮೇಡಂ ಬರ್ತಾರಲ್ಲ, ಅವರ ಮುಂದೆ ಎಲ್ಲ ಗೊತ್ತಾಗುತ್ತೆ."

ಮರ್ಗ್ಯೋಲಾಳ ಮುಖದ ರಕ್ತ ಇಳಿಯಿತು. ಮಹಿಳಾ ಮಂಡಳಿಯ ಅಧ್ಯಕ್ಷೆಯ ಮುಂದೆ! ಅವಳು ತಟ್ಟೆಯನ್ನು ಅವನ ಕೈಗೆ ತುರುಕಿ, ಶಿಲುಬೆಯ ಗುರುತು ಹಾಕಿಕೊಳ್ಳುತ್ತ ಮೆಟ್ಟಿಲಿಳಿದಳು.

"ಎಷ್ಟು ಒಳ್ಳೇ ಹೆಂಗಸು," ಎಂದ ಪನಾಯಿತ್ ಒಂದು ಸುರುಳಿ ಬಾಯಿಗಿಡುತ್ತ. "ಮಗುವಿಗೋಸ್ಕರ ತಂದಿದ್ದಾಳೆ."

"ಹಲ್ಲಿಲ್ಲದ ಮಗುವಿಗಾ?" ಎಂದಳು ಅಗ್ಲಾಯಾ.

ಎರಡನೆಯವನು ಮೇಲಿನ ಮನೆಯ ತ್ರಾಯಾನ್. ಬಸ್ ಡ್ರೈವರ್, ಬಾಗಿಲಿಗಿಂತ ಅಗಲ. ಕೋಟಿನೊಳಗೆ ಏನನ್ನೋ ಅವಿತಿಟ್ಟುಕೊಂಡು ಒಳಗೆ ನುಗ್ಗಿ, ಬಾಗಿಲು ತಾನೇ ಮುಚ್ಚಿದ.

"ಪನಾಯಿತಣ್ಣ, ಒಂದು ಮಾತು ನಿಜ ಹೇಳಿ. ವಾಸನೆ ಇಲ್ಲೀವರ್ಗೂ ಬರ್ತಿದ್ಯಾ?"

ಪನಾಯಿತ್ ಕೈಯಲ್ಲಿ ಶಾಸ್ತ್ರಕ್ಕೆ ತಂದ ಕಾಮಕಸ್ತೂರಿಯ ಕಟ್ಟಿತ್ತು. "ಬರದೆ ಏನು? ಮೆಟ್ಟಿಲ ಮೇಲೆಲ್ಲ ಘಮಘಮ ಅಂತಿರ್ಬೇಕು."

"ಅಯ್ಯೋ ದೇವರೇ. ಜಾಮ್ಫಿರ್‌ಗೆ ಹೇಳ್ಬಿಟ್ರಾ?"

ಜಾಮ್ಫಿರ್ ಎಂದರೆ ಕಟ್ಟಡದ ಮೇಲ್ವಿಚಾರಕ. ನೆಲಮಾಳಿಗೆಯ ಬೀಗದ ಕೈ ಅವನ ಸೊಂಟದಲ್ಲೇ. ನಿಯಮಗಳೆಲ್ಲ ಅವನ ನಾಲಿಗೆಯಲ್ಲೇ.

"ಹೇಳೋದೇನು, ಬಾ ಅಂತ ಕರೆದೇ ಬಿಟ್ಟಿದ್ದೀನಿ. ಮಧ್ಯಾಹ್ನ ಬರ್ತಾನೆ. ಇಂಥ ದಿನ ಅವನಿಲ್ಲದಿದ್ರೆ ಹೇಗೆ?"

ತ್ರಾಯಾನ್ ನಿಟ್ಟುಸಿರು ಬಿಟ್ಟು ಕೋಟಿನೊಳಗಿಂದ ಸೀಸೆ ತೆಗೆದು ಮೇಜಿನ ಮೇಲಿಟ್ಟ. ಪ್ಲಮ್ ಸಾರಾಯಿ, ಈಗ ತಾನೇ ಬಟ್ಟಿಯಿಂದ ಇಳಿದದ್ದು. "ಇದನ್ನ ಇಟ್ಕೊಳ್ಳಿ ಅಣ್ಣ. ಹೇಗಾದ್ರೂ ಮಾಡಿ ನನ್ನ ಉಳಿಸಿ."

"ಮಗು ಹೆಸರಲ್ಲಿ ತಂದ್ಯಾ! ಎಂಥ ಮನುಷ್ಯನಪ್ಪ ನೀನು!" ಪನಾಯಿತ್ ಕಣ್ಣಲ್ಲಿ ನೀರು ತುಂಬಿತು. ಇಬ್ಬರೂ ಮಗುವಿನ ಹೆಸರಲ್ಲಿ ಒಂದೊಂದು ಗುಟುಕು ಹಾಕಿದರು, ತಾಯಿಯ ಹೆಸರಲ್ಲಿ ಒಂದು, ಮಗು ಯಾರನ್ನು ಹೋಲುತ್ತದೆ ಎಂಬ ಚರ್ಚೆಗೆ ಇನ್ನೊಂದು. "ನಂಗೂ ನಿಂಗೂ ಮುಚ್ಚುಮರೆ ಏನಿದೆ? ಹೋಗು, ನಿನ್ನ ಕೆಲಸ ನೀನು ಆರಾಮಾಗಿ ಮಾಡ್ಕೋ. ಜಾಮ್ಫಿರ್ ನಮ್ಮನೇಲಿ ತಿಂದು ಕುಡಿದು ಬಿದ್ದಿರ್ತಾನೆ."

ತ್ರಾಯಾನ್ ಅವನ ಎರಡೂ ಕೆನ್ನೆಗೆ ಮುತ್ತಿಟ್ಟು, ಮೆಟ್ಟಿಲುಗಳನ್ನು ಎರಡೆರಡಾಗಿ ಹಾರುತ್ತ ಮೇಲೆ ಓಡಿದ.

ತ್ರಾಯಾನ್ ಇನ್ನೂ ಮೆಟ್ಟಿಲ ಮೇಲಿದ್ದಾಗಲೇ ಪನಾಯಿತ್ ನಲ್ಲಿ ಬಿಟ್ಟು ನೋಡಿದ. ಬಡಿಯದೆಯೇ ಬಿಸಿನೀರು, ಧಾರಾಳವಾಗಿ. "ರಿಪೇರಿ ಆಯ್ತು!" ಎಂದು ಕೂಗಿ, ಬಾಯ್ಲರಿನ ಮುಚ್ಚಳ ಹಾಕಿ, ಅಗ್ಲಾಯಾ ಮತ್ತೆ ಒಲೆಗಿಟ್ಟಿದ್ದ ಪಾತ್ರೆಯ ನೀರನ್ನು ಮೋರಿಗೆ ಚೆಲ್ಲಿಬಿಟ್ಟ.

* * *

ಕ್ಲೆಮಾನ್ಸಾ ಮೇಡಂ ಹೊಸ ಬಟ್ಟೆಗಳ ಗಂಟು, ಬೆಳ್ಳಗಿನ ಟವೆಲು, ಜೇನಿನ ಬಾಟಲಿ ಸಮೇತ ಬಂದರು. ಅಡುಗೆಮನೆಯೇ ಬೆಚ್ಚಗಿದೆ, ಅಲ್ಲೇ ಆಗಲಿ ಎಂದರು. ತೋಳು ಮಡಚಿದರು. ಮಗುವಿನ ಬಟ್ಟೆ ಬಿಚ್ಚಿ ಟವೆಲಿನಲ್ಲಿ ಸುತ್ತಿ ಎತ್ತಿಕೊಂಡರು. "ಟಬ್ಬನ್ನ ನಲ್ಲಿ ಕೆಳಗೇ ಇಡಿ. ನೋಡೋಣ ನಿಮ್ಮ ಬಾಯ್ಲರ್ ವೈಭವ."

ಪನಾಯಿತ್ ನಾಟಕದ ಪರದೆ ಎಳೆಯುವವನ ಗಾಂಭೀರ್ಯದಿಂದ ನಲ್ಲಿ ತಿರುಗಿಸಿದ. ಬೆರಳಿನಷ್ಟು ಸಣ್ಣ ನೀರು ಬಂತು. ಮೇಡಂ ಮೊಣಕೈ ಅದ್ದಿ ನೋಡಿದರು. ತಟ್ಟನೆ ಕೈ ಹಿಂದೆಗೆದರು.

"ಮಂಜು!"

"ಒಂದೇ ನಿಮಿಷ ಮೇಡಂ, ಸ್ವಲ್ಪ ಬಡೀಬೇಕು."

"ಯಾರಿಗೆ?"

ಪನಾಯಿತ್ ಸ್ಪ್ಯಾನರ್ ಎತ್ತಿ ಪೈಪಿಗೆ ಬಿಟ್ಟ. ಟಣ್! ಬಾಯ್ಲರ್ ಸುಮ್ಮನಿತ್ತು. ಆದರೆ ಮೇಲಿನಿಂದ ಉತ್ತರ ಬಂತು: ಟಣ್ ಟಣ್! ಬೆಳಿಗ್ಗೆಯಾಗಿದ್ದರೆ ತ್ರಾಯಾನ್ ಹೆದರುತ್ತಿದ್ದ. ಈಗ ಅವರಿಬ್ಬರೂ ಜೀವದ ಗೆಳೆಯರು. ಗೆಳೆಯ ಕೆಳಗಿನಿಂದ ಲೋಟ ಎತ್ತುತ್ತಿದ್ದಾನೆ ಎಂದುಕೊಂಡು ಅವನೂ ಸಂತೋಷದಿಂದ ಬಡಿದಿದ್ದ. ಪನಾಯಿತ್ ಇನ್ನೂ ಜೋರಾಗಿ ಬಿಟ್ಟ. ಮೇಲಿನಿಂದ ಇನ್ನೂ ಜೋರಾಗಿ, ಈ ಸಲ ಮದುವೆ ಕುಣಿತದ ತಾಳದಲ್ಲಿ. ಯಾವುದೋ ಮಹಡಿಯಲ್ಲಿ ಯಾರೋ ಮಲಗಿದ್ದವರು ಎದ್ದು, ಇಬ್ಬರೂ ಸುಮ್ಮನಿರಲಿ ಎಂದು ತಾವೂ ಬಡಿದರು. ಅವರನ್ನು ಸುಮ್ಮನಿರಿಸಲು ಇನ್ಯಾರೋ ಬಡಿದರು. ಚರ್ಚಿನ ಗಂಟೆಗೂ ಆ ಊರಿನಲ್ಲಿ ಅಷ್ಟು ಸದ್ದಿರಲಿಲ್ಲ.

ಬಾಗಿಲು ದಡಾರನೆ ತೆರೆಯಿತು. ಮರ್ಗ್ಯೋಲಾ ಮುಸುಕು ಜಾರಿಸಿಕೊಂಡು ಒಳಗೆ ಬಂದಳು. "ನಿಲ್ಸಿದೀನಿ ಅಂದ್ನಲ್ಲಪ್ಪ! ಬೆಳಿಗ್ಗೆಯಿಂದ ಬಟ್ಟೆ ಮೆಷಿನ್ನಲ್ಲೇ ನೆನೀತಿದೆ! ಮೇಡಂ, ಹೌದು, ಭಾನುವಾರ ಬಟ್ಟೆ ಒಗೆದೆ, ನಾನು ಪಾಪಿ! ಇಡೀ ಕಟ್ಟಡ ಸೇರಿ ಪೈಪು ಬಡಿಯೋವಷ್ಟು ಪಾಪಾನಾ ಅದು?"

ಮೇಡಂ ಬಾಯಿ ತೆರೆಯುವಷ್ಟರಲ್ಲಿ ನಲ್ಲಿ ಒಮ್ಮೆ ಕೆಮ್ಮಿತು, ಉಗುಳಿತು, ನಿಂತೇಹೋಯಿತು. ತಣ್ಣೀರೂ ಇಲ್ಲ.

ಸ್ವಲ್ಪದರಲ್ಲೇ ಮೇಲ್ವಿಚಾರಕ ಜಾಮ್ಫಿರ್ ಏದುಸಿರು ಬಿಡುತ್ತ ಬಂದ. ಅವನ ಕೈಯಲ್ಲಿ ಬಸ್ಸಿನ ಸ್ಟೀರಿಂಗಿನಂಥ ಒಂದು ಕಬ್ಬಿಣದ ಚಕ್ರವಿತ್ತು.

"ಇಷ್ಟು ಬಡಿತಾ ಇದ್ದಾರೆ ಅಂದ್ರೆ ಎಲ್ಲೋ ಪೈಪು ಒಡೆದಿದೆ ಅಂತ ನೆಲಮಾಳಿಗೆಗೆ ಹೋಗಿ ದೊಡ್ಡ ವಾಲ್ವ್ ಮುಚ್ಚಿಬಿಟ್ಟೆ. ಎಲ್ಲಿ ಒಡೆದಿದೆ?"

"ಎಲ್ಲೂ ಒಡೆದಿಲ್ಲ," ಎಂದಳು ಅಗ್ಲಾಯಾ. "ಹೋಗಿ ತೆಗೀರಿ."

"ತೆಗೆಯೋದು ಹೇಗಮ್ಮ? ಇದೇ ಅದು," ಎಂದು ಜಾಮ್ಫಿರ್ ಕೈಯಲ್ಲಿದ್ದ ಚಕ್ರವನ್ನು ಎತ್ತಿ ತೋರಿಸಿದ. "ಕೈಗೇ ಬಂದ್ಬಿಡ್ತು. ನಾಳೆವರ್ಗೂ ಕಟ್ಟಡಕ್ಕೆ ನೀರಿಲ್ಲ."

ಮಗು ತೋಮಾ ಟವೆಲಿನೊಳಗಿಂದ ಕಟ್ಟಡದ ಪರವಾಗಿ ಒಬ್ಬನೇ ಕಿರುಚುತ್ತಿದ್ದ. ಒತೀಲಿಯಾ ಪರದೆಯ ಅಂಚಿನಿಂದ ಕಣ್ಣೊರೆಸಿಕೊಂಡಳು. "ಅಪ್ಪಾ, ಇವತ್ತು ಮೀಯಿಸದೇ ಹೋದ್ರೆ ನನ್ನ ಮಗುವಿನ ಗತಿ ಏನಪ್ಪ?"

ಪನಾಯಿತ್ ಮೊಮ್ಮಗನ ಹಣೆ ನೋಡಿದ. ನಿನ್ನೆಯ ತೈಲ ಅಲ್ಲಿ ಇನ್ನೂ ಹೊಳೆಯುತ್ತಿತ್ತು. ತನ್ನ ಬಡಾಯಿಗೆ ಆ ಬೆರಳುದ್ದದ ಜೀವ ದಂಡ ತೆರಬೇಕಾಯಿತಲ್ಲ ಎಂದುಕೊಂಡು ಸ್ಪ್ಯಾನರ್ ಕೆಳಗಿಟ್ಟ.

"ಬಾಯ್ಲರ್ ಕೆಟ್ಟು ಒಂದು ವಾರ ಆಯ್ತು ಮೇಡಂ. ನಾನು ಸುಳ್ಳು ಹೇಳ್ದೆ. ನಂಗೆ ಅದರ ಹಿಂದು ಮುಂದು ಗೊತ್ತಿಲ್ಲ. ಪೈಪು ಬಡಿದ್ರೆ ಬಿಸಿನೀರು ಬರ್ತಿತ್ತು, ಅಷ್ಟೇ."

"ಪೈಪು ಬಡಿದ್ರೆ ಬಿಸಿನೀರು ಬರುತ್ತಾ?" ಎಂದಿತು ಬಾಗಿಲಲ್ಲಿ ಒಂದು ದಪ್ಪ ದನಿ.

ಗೆಳೆಯ ಯಾಕೆ ಬಡಿಯುವುದು ನಿಲ್ಲಿಸಿದ ಎಂದು ನೋಡಲು ತ್ರಾಯಾನ್ ಲೋಟ ಹಿಡಿದುಕೊಂಡೇ ಇಳಿದು ಬಂದಿದ್ದ. ಮಗುವನ್ನು ನೋಡಿದ, ಒಣ ಟಬ್ಬನ್ನು ನೋಡಿದ, ಜಾಮ್ಫಿರನನ್ನು ನೋಡಿ ಲೋಟವನ್ನು ಬೆನ್ನ ಹಿಂದೆ ಹಿಡಿದ. ಆಮೇಲೆ ಮತ್ತೆ ಮಗುವನ್ನು ನೋಡಿದ. ಲೋಟ ಮುಂದೆ ಬಂತು.

"ಅದು ನಾನು ಪನಾಯಿತಣ್ಣ," ಎಂದ. "ವಾರದಿಂದ ನಾನು ಅಡುಗೆಮನೇಲಿ ಪ್ಲಮ್ ಬಟ್ಟಿ ಇಳಿಸ್ತಿದ್ದೀನಿ. ಆವಿ ತಣಿಸೋಕೆ ತಾಮ್ರದ ಸುರುಳಿ ಸುತ್ತ ನೀರು ಹರೀತಾನೇ ಇರ್ಬೇಕು. ನೀವು ಬಡಿದಾಗೆಲ್ಲ ಸಿಕ್ಕಿಬಿದ್ದೆ ಅಂತ ಹೆದರಿ ನಲ್ಲಿ ನಿಲ್ಲಿಸ್ತಿದ್ದೆ. ಆಗ ನಿಮ್ಮನೆಗೆ ನೀರು ಜೋರಾಗಿ ಬಂದಿರುತ್ತೆ. ನೀವು ಸುಮ್ನಾದ ಮೇಲೆ ಮತ್ತೆ ಬಿಡ್ತಿದ್ದೆ."

ನೀರು ಜೋರಾಗಿ ಬಂದರೆ ಚಕ್ರ ತಿರುಗುತ್ತದೆ ಎಂದಿದ್ದ ಮೆಕ್ಯಾನಿಕ್ಕನ ಮಾತು ಪನಾಯಿತ್‌ಗೆ ಈಗ ಅರ್ಥವಾಯಿತು. ಬೆಳಿಗ್ಗೆಯಿಂದ ಅವನು ಬಡಿದು ಎಬ್ಬಿಸಿದ್ದು ಸೆನ್ಸರನ್ನಲ್ಲ, ತ್ರಾಯಾನನ ಆತ್ಮಸಾಕ್ಷಿಯನ್ನು.

"ಮನೇಲಿ ಸಾರಾಯಿ!" ಎಂದ ಜಾಮ್ಫಿರ್, ಕಬ್ಬಿಣದ ಚಕ್ರ ಎತ್ತಿ.

"ಬೈಯೋದು ಆಮೇಲೆ ಬೈರಿ," ಎಂದ ತ್ರಾಯಾನ್. "ಸುರುಳಿ ಮುಳುಗಿಸಿರೋ ತೊಟ್ಟಿ ತುಂಬ ನೀರಿದೆ. ಶುದ್ಧ ನೀರು, ಹಬೆ ಆಡ್ತಿದೆ. ಈ ಕಟ್ಟಡದಲ್ಲಿ ಈಗ ಬೇರೆ ನೀರು ಎಲ್ಲಿದೆ?"

"ನನ್ನ ಮೆಷಿನ್ನಲ್ಲಿದೆ," ಎಂದಳು ಮರ್ಗ್ಯೋಲಾ, "ಆದ್ರೆ ಸೋಪು."

ಎಲ್ಲರೂ ಮೇಡಂ ಕಡೆ ನೋಡಿದರು. ಮೇಡಂ ಕೈಚೀಲದ ಕಡೆ ನೋಡಿದರು. ಅಷ್ಟರಲ್ಲಿ ಮಗು ಕಿರುಚುವುದನ್ನು ನಿಲ್ಲಿಸಿ, ಅವರ ಸರದ ಮಣಿಯನ್ನು ಹಿಡಿದು, ಟವೆಲು ನೆನೆಸಿ, ಆ ಬಿಸಿ ಮೇಡಂ ಅವರ ರೇಷ್ಮೆಗೂ ತಲುಪುವಂತೆ ನೋಡಿಕೊಂಡಿತು.

"ನಿಂತು ನೋಡ್ತೀರೇನು?" ಎಂದು ಗದರಿದರು ಮೇಡಂ. "ಬಕೆಟ್ ತನ್ನಿ!"

ತ್ರಾಯಾನ್ ಎರಡು ಬಕೆಟ್ ಇಳಿಸಿ ತಂದ. ಅಗ್ಲಾಯಾ ಮಗುವಿಗೆಂದು ತೆಗೆದಿಟ್ಟಿದ್ದ ಕುಡಿಯುವ ತಣ್ಣೀರು ಬೆರೆಸಿದಳು. ಮೇಡಂ ಮೊಣಕೈ ಅದ್ದಿದರು. "ಹದ," ಎಂದರು. ಕಾಮಕಸ್ತೂರಿ ಬಿತ್ತು, ಜೇನು ಬಿತ್ತು. ತೋಮಾ ನೀರಿನಲ್ಲಿ ಕಾಲು ಬಡಿದು, ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕ. ಮೇಡಂ ಮೂಗು ಅರಳಿಸಿದರು.

"ಇದೇನು ವಾಸನೆ?"

"ಕಾಮಕಸ್ತೂರಿ ಮೇಡಂ," ಎಂದಳು ಅಗ್ಲಾಯಾ.

"ಕಾಮಕಸ್ತೂರಿಗೆ ಪ್ಲಮ್ ವಾಸನೆ ಇರೋಲ್ಲ." ಮೇಡಂ ಮಗುವಿನ ಬೆನ್ನಿಗೆ ನೀರು ಹೊಯ್ದರು. "ಇರ್ಲಿ. ನೀರು ಹೇಗೋ ಬಾಳು ಹಾಗೆ ಅಂತಾರೆ. ಹುಡುಗನಿಗೆ ನೆರೆಹೊರೆಯವರ ಕೊರತೆ ಆಗೋಲ್ಲ."

ಜಾಮ್ಫಿರ್ ಮಾತ್ರ ನಿಯಮ ಬಿಡಲಿಲ್ಲ. ಅಪರಾಧದ ಮಾಲನ್ನು ಪರೀಕ್ಷಿಸಲೇಬೇಕು ಎಂದು ಪನಾಯಿತ್ ಮೇಜಿನ ಮೇಲಿದ್ದ ಸೀಸೆಯಿಂದ ಒಂದು ಲೋಟ ಪರೀಕ್ಷಿಸಿದ. ಒಂದೇ ಪರೀಕ್ಷೆ ಸಾಲದೆಂದು ಮತ್ತೊಂದು ಮಾಡಿದ. ಸಂಜೆಯ ಹೊತ್ತಿಗೆ ಅವನು ಕಬ್ಬಿಣದ ಚಕ್ರ ಹಿಡಿದು ತ್ರಾಯಾನನಿಗೇ ಬಸ್ ಓಡಿಸುವುದು ಹೇಗೆಂದು ಕಲಿಸುತ್ತಿದ್ದ.

ಮೀಯಿಸಿದ ನೀರನ್ನು ಹೊರಗೆ ಸೇಬಿನ ಗಿಡದ ಬುಡಕ್ಕೆ ಸುರಿದು ಬಂದ ಮೇಲೆ, ಕ್ಲೆಮಾನ್ಸಾ ಮೇಡಂ ಹೊರಡಲು ಕೋಟು ತೊಟ್ಟರು. ಮೊಗಸಾಲೆಯಲ್ಲಿ ಯಾರೂ ಇಲ್ಲದ್ದನ್ನು ನೋಡಿ ಪನಾಯಿತ್‌ನ ತೋಳು ಹಿಡಿದು ಪಕ್ಕಕ್ಕೆ ಎಳೆದರು.

"ಯಾರಿಗೂ ಹೇಳ್ಬೇಡಿ," ಎಂದರು ಪಿಸುದನಿಯಲ್ಲಿ. "ನಮ್ಮನೆ ಬಾಯ್ಲರೂ ಹೀಗೇ. ಕೋಣೆ ಬೆಚ್ಚಗಿರುತ್ತೆ, ನಲ್ಲೀಲಿ ಮಂಜು. ತಿಂಗಳಾಯ್ತು, ಒಲೆ ಮೇಲೆ ಪಾತ್ರೆ ಇಟ್ಕೊಂಡೇ ಸ್ನಾನ ಮಾಡ್ತಿದ್ದೀವಿ. ಮೆಕ್ಯಾನಿಕ್ಕನ್ನ ಕರೆದ್ರೆ ಊರಿಗೆಲ್ಲ ಗೊತ್ತಾಗುತ್ತೆ. ನೀವೊಂದ್ಸಲ ಬಂದು ನೋಡ್ತೀರಾ?"

ಬಾಗಿಲ ಸಂದಿಯಿಂದ ಅಗ್ಲಾಯಾ ಗಂಡನನ್ನು ನೋಡುತ್ತಿದ್ದಳು. ಅವನ ಎದೆ ಉಬ್ಬುವುದನ್ನು ಕಂಡು ಅವಳ ಕಾಲು ಒದೆಯಲು ಸಿದ್ಧವಾಯಿತು. ಆದರೆ ಈ ಸಲ ಪನಾಯಿತ್ ಬಡಾಯಿ ಕೊಚ್ಚಲಿಲ್ಲ. ಗಲ್ಲ ಕೆರೆದುಕೊಂಡು, ಅನುಭವಸ್ಥ ವೈದ್ಯನಂತೆ ಕೇಳಿದ:

"ಮೊದಲು ಒಂದು ಹೇಳಿ ಮೇಡಂ. ನಿಮ್ಮ ಮೇಲಿನ ಮನೇಲಿ ಯಾರಿದ್ದಾರೆ?"

"ಮೇಲಿನ ಮನೇಲಾ? ನಮ್ಮ ಪಾದ್ರಿಗಳು. ಯಾಕೆ?"

ಪನಾಯಿತ್ ಸ್ಪ್ಯಾನರನ್ನು ಮೆಲ್ಲಗೆ ಕೋಟಿನ ಜೇಬಿಗೆ ಇಳಿಬಿಟ್ಟ.

"ಹಾಗಾದ್ರೆ ಅವರು ಮನೇಲಿರೋ ಹೊತ್ತು ನೋಡಿ ಹೇಳಿ ಕಳಿಸಿ," ಎಂದ. "ಆಗ್ಲೇ ಬಡೀಬೇಕು."